ಬರೋಲೊ ವೈನ್ ತೆಳು ಬಣ್ಣ, ವಿಪರೀತ ಒಗರು: ಬಾಟಲಿ ಕೆಟ್ಟಿದೆಯೇ?

ಕೆಟ್ಟಿಲ್ಲ, ಯಾರೂ ನೀರನ್ನೂ ಬೆರೆಸಿಲ್ಲ. ಗೆಳೆಯ ಇಟಲಿಯಿಂದ 2020ರ ಬರೋಲೊ ತಂದುಕೊಟ್ಟ, ಬಣ್ಣ ತೆಳು, ಕುಡಿದರೆ ಬಾಯೆಲ್ಲ ಒಗರು, ಇದನ್ನೇನಾ ವೈನುಗಳ ರಾಜ ಅನ್ನೋದು ಎಂದು ಕೇಳಿದ್ದೀರಿ. ನಿಮ್ಮ ಎರಡೂ ದೂರುಗಳು ಬರೋಲೊದ ಜಾತಕದಲ್ಲೇ ಇವೆ.

ಬರೋಲೊ ಕಂಪನಿಯಲ್ಲ, ಊರು. ಇಟಲಿಯ ವಾಯವ್ಯದ ಪಿಯೆಮೊಂತೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಪಕ್ಕ ಲಾಂಗೆ ಎಂಬ ಗುಡ್ಡಸಾಲಿದೆ. ಅಲ್ಲಿನ 11 ಊರುಗಳ ಎಲ್ಲೆಯೊಳಗೆ ಬೆಳೆದ ನೆಬ್ಬಿಯೋಲೊ ದ್ರಾಕ್ಷಿಯದ್ದಾದರೆ ಮಾತ್ರ ಆ ಹೆಸರು. ಬೇರೆ ತಳಿ ಬೆರೆಸುವಂತಿಲ್ಲ.

ನೆಬ್ಬಿಯೋಲೊ ಮಹಾ ಹಟಮಾರಿ ಬಳ್ಳಿ. ಬೇಗ ಚಿಗುರುತ್ತದೆ, ಹಣ್ಣಾಗುವುದು ಮಾತ್ರ ಅಕ್ಟೋಬರಿನಲ್ಲಿ, ಗುಡ್ಡಗಳಿಗೆ ಮಂಜು ಕವಿಯುವ ಹೊತ್ತಿಗೆ. ಅದಕ್ಕೇ ದಕ್ಷಿಣಕ್ಕೆ ಮುಖ ಮಾಡಿದ ಬಿಸಿಲಿನ ಇಳಿಜಾರನ್ನು ಅದಕ್ಕೆ ಬಿಟ್ಟುಕೊಟ್ಟು, ಉಳಿದ ಕಡೆ ಬಾರ್ಬೆರಾ, ದೊಲ್ಚೆತ್ತೊ ಎಂಬ ಬೇರೆ ದ್ರಾಕ್ಷಿ ತಳಿಗಳನ್ನು ಬೆಳೆಯುತ್ತಾರೆ. ನೆರಳಿನ ಮಗ್ಗುಲಿಗೆ ಹೇಜಲ್‌ನಟ್ ಗಿಡ. ಈ ಹಣ್ಣಿನ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಇರುವುದೂ ಬೇಗ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಒಗರು ಕೊಡುವ ಟ್ಯಾನಿನ್ ಎಂಬ ಅಂಶ ಮತ್ತು ಹುಳಿ ಮಾತ್ರ ಧಾರಾಳ. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಸಡು ಹಿಡಿದದ್ದು ಆ ಟ್ಯಾನಿನ್‌ನಿಂದ. ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಎನ್ನುತ್ತದೆ ಕಾನೂನು. ಇನ್ನೂ ಹೆಚ್ಚು ಕಾಲ ಇಟ್ಟು ಮಾರುವ ರಿಸೆರ್ವಾ ಆದರೆ 62 ತಿಂಗಳು. ಇಷ್ಟಾಗಿ ಅಂಗಡಿಗೆ ಬಂದಾಗಲೂ ಅದು ಎಳಸೇ.

ಲೇಬಲ್ ಮೇಲೆ ಊರು ಯಾವುದಿದೆ ನೋಡಿ. ಲಾ ಮೊರ್ರಾ ಮತ್ತು ಬರೋಲೊ ಊರಿನ ಕಡೆ ನೀಲಿ ಛಾಯೆಯ ಸುಣ್ಣಜೇಡಿ ಮಣ್ಣು. ವೈನು ಸ್ವಲ್ಪ ಮೃದು, ಗುಲಾಬಿಯ ಘಮ, ಬೇಗ ಕುಡಿಯಲು ಬರುತ್ತದೆ. ಸೆರ್ರಲುಂಗಾ, ಮೊನ್‌ಫೋರ್ತೆ ಕಡೆಯದು ಇನ್ನೂ ಹಳೆಯ ಗಟ್ಟಿ ಮಣ್ಣು. ಅಲ್ಲಿಯದಾದರೆ ಹತ್ತು ವರ್ಷ ಮುಟ್ಟಬೇಡಿ. ವಯಸ್ಸಾದಂತೆ ಒಣಗಿದ ಗುಲಾಬಿ, ಚೆರಿ ಮತ್ತು ಡಾಂಬರಿನ ವಾಸನೆ ಬರುತ್ತದೆ. ಡಾಂಬರು ಎಂದರೆ ನಗಬೇಡಿ, ಹೊಗಳುವವರು ಹೇಳುವುದೇ ಅದನ್ನು.

ಈ ಒಗರಿನ ಮೇಲೆ ಅಲ್ಲಿ ದೊಡ್ಡ ಜಗಳವೇ ನಡೆದಿದೆ. 1980ರ ದಶಕದಲ್ಲಿ ಎಲಿಯೊ ಆಲ್ತಾರೆ ಎಂಬ ಬೆಳೆಗಾರ ಅಪ್ಪನ ಕಾಲದ ದೊಡ್ಡ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕೊಯ್ದುಹಾಕಿ ಫ್ರಾನ್ಸಿನ ಸಣ್ಣ ಓಕ್ ಪೀಪಾಯಿಗಳನ್ನು ತಂದ. ವೈನು ಬೇಗ ಮೃದುವಾಗಲಿ ಎಂದು ಹಲವರು ಅದೇ ದಾರಿ ಹಿಡಿದರು. ಹಳೆಯ ಪಂಥದ ಬಾರ್ತೊಲೊ ಮಾಸ್ಕರೆಲ್ಲೊ ಇದನ್ನು ಎಷ್ಟು ದ್ವೇಷಿಸಿದರೆಂದರೆ, ಸಣ್ಣ ಪೀಪಾಯಿಯೂ ಬೇಡ, (ತಮಗಾಗದ ರಾಜಕಾರಣಿ) ಬೆರ್ಲುಸ್ಕೋನಿಯೂ ಬೇಡ ಎಂದು ತಮ್ಮ ಲೇಬಲ್ ಮೇಲೆಯೇ ಬರೆದರು! ಈಗ ಎರಡೂ ಕಡೆಯವರು ತಣ್ಣಗಾಗಿದ್ದಾರೆ. ನನ್ನ ಒಲವು ಮಾಸ್ಕರೆಲ್ಲೊ ಕಡೆಗೇ. ಹೊಸ ಓಕ್‌ನ ವೆನಿಲಾ ವಾಸನೆ ಗುಲಾಬಿಯನ್ನು ನುಂಗಿಹಾಕುತ್ತದೆ.

ಬಾಟಲಿಯಲ್ಲಿ ಉಳಿದದ್ದನ್ನು ಜಗ್ಗಿಗೆ ಬಗ್ಗಿಸಿ ಎರಡು ಗಂಟೆ ಬಿಡಿ, ಬರೀ ಬಾಯಿಗೆ ಕುಡಿಯಬೇಡಿ. ಪಿಯೆಮೊಂತೆಯವರು ಇದೇ ವೈನಿನಲ್ಲಿ ದನದ ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಜೊತೆಗೆ ತಿನ್ನುತ್ತಾರೆ. ಮಾಂಸದ ಕೊಬ್ಬು, ಪ್ರೋಟೀನು ಸೇರಿದಾಗ ಒಗರು ತಗ್ಗುತ್ತದೆ. ಮಾಂಸ ಬೇಡವಾದರೆ ಹಳೆಯ ಗಟ್ಟಿ ಚೀಸ್ ಸಾಕು. ನಮ್ಮ ಖಾರದ ಸಾರು, ಪಲ್ಯದ ಜೊತೆ ಮಾತ್ರ ಬೇಡ, ಖಾರಕ್ಕೆ ಒಗರು ಇನ್ನೂ ಕೆರಳುತ್ತದೆ. ಮುಂದೆ ನೀವೇ ಕೊಳ್ಳುವುದಾದರೆ ಮೊದಲು ಲಾಂಗೆ ನೆಬ್ಬಿಯೋಲೊ ಎಂದು ಬರೆದಿರುವ ಬಾಟಲಿ ತೆಗೆದುಕೊಳ್ಳಿ: ಅದೇ ದ್ರಾಕ್ಷಿ, ಅದೇ ಗುಡ್ಡಸಾಲು, ಬೆಲೆ ಸಾಮಾನ್ಯವಾಗಿ ಬರೋಲೊಗಿಂತ ಎಷ್ಟೋ ಕಡಿಮೆ.