ಗೌರಿ ಹಬ್ಬಕ್ಕೆ ಕಠ್ಮಂಡುವಿಗೆ ಹೋದರೆ ಹೇಗೆ?

ಪ್ರಶ್ನೆ: ಮೇಡಂ, ಅಪ್ಪ-ಅಮ್ಮನಿಗೆ ಪಶುಪತಿನಾಥನ ದರ್ಶನ ಮಾಡಿಸಬೇಕು ಅಂತ ಬಹಳ ದಿನದ ಆಸೆ. ಟ್ರಾವೆಲ್ಸ್‌ನವರು 3 ರಾತ್ರಿ 4 ಹಗಲಿನ ಪ್ಯಾಕೇಜ್ ಹೇಳುತ್ತಿದ್ದಾರೆ, ಪೋಖರಾನೂ ಸೇರಿ. ಸಾಕಾಗುತ್ತಾ? ಯಾವ ತಿಂಗಳು ಒಳ್ಳೆಯದು? ಅಪ್ಪನಿಗೆ ಎತ್ತರದ ಜಾಗ ಅಂದರೆ ಭಯ.
(ಓದುಗರು, ಬಸವನಗುಡಿ)

ಉತ್ತರ: ಮೊದಲು ಅಪ್ಪನ ಭಯ ಬಿಡಿಸಿ. ಕಠ್ಮಂಡು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ನಮ್ಮ ನಂದಿ ಬೆಟ್ಟವೇ 1,478 ಮೀಟರ್ ಇದೆ. ಹಿಮಾಲಯದ ಊರು ಅಂದ ತಕ್ಷಣ ಉಸಿರು ಕಟ್ಟುತ್ತೆ ಅಂದುಕೊಳ್ಳುತ್ತೇವೆ, ಅಷ್ಟೇ.

ಪ್ಯಾಕೇಜ್ ಬೇಡ. ನಾನು ಮೊದಲ ಸಲ ಹಾಗೇ ಹೋಗಿದ್ದೆ. ಭಕ್ತಪುರ ಅನ್ನುವ ಆ ಚೆಂದದ ಊರಿನಲ್ಲಿ ನಮಗೆ ಸಿಕ್ಕಿದ್ದು ಅರ್ಧ ಗಂಟೆ, ಶಾಲು ಮಾರುವ ಅಂಗಡಿಯಲ್ಲಿ ಒಂದೂವರೆ ಗಂಟೆ. ಪೋಖರಾ 200 ಕಿಲೋಮೀಟರ್ ದೂರ, ಘಟ್ಟದ ರಸ್ತೆ, ಹೋಗುವುದಕ್ಕೇ ಒಂದು ಹಗಲು ಹಿಡಿಯುತ್ತೆ. ಅದನ್ನು ಬಿಟ್ಟು ಕಣಿವೆಯಲ್ಲೇ ಐದಾರು ದಿನ ಇರಿ. ಕಠ್ಮಂಡು, ಪಾಟನ್, ಭಕ್ತಪುರ ಒಂದಾನೊಂದು ಕಾಲಕ್ಕೆ ಮಲ್ಲ ರಾಜರ ಮೂರು ಬೇರೆ ಬೇರೆ ರಾಜ್ಯಗಳು. ಅವನ ಗುಡಿಗಿಂತ ನನ್ನ ಗುಡಿ ಚೆನ್ನಾಗಿರಬೇಕು ಅಂತ ಪೈಪೋಟಿ ಬಿದ್ದು ಕಟ್ಟಿಸಿದ್ದಾರೆ, ಲಾಭ ನಮಗೆ. ಪಾಟನ್‌ನ ಕಲ್ಲಿನ ಕೃಷ್ಣ ಮಂದಿರ 1637ರದ್ದು. ಭಕ್ತಪುರದ ಐದು ಅಂತಸ್ತಿನ ನ್ಯಾತಪೋಲ 1702ರದ್ದು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುತ್ತಮುತ್ತ ಎಷ್ಟೋ ಗುಡಿಗಳು ನೆಲಕ್ಕೆ ಕೂತವು, ಅದು ನಿಂತೇ ಇತ್ತು. ಊರಿಗೆ ಹೆಸರು ಕೊಟ್ಟ ಕಾಷ್ಠಮಂಟಪ ಮಾತ್ರ ಪೂರ್ತಿ ಬಿದ್ದಿತ್ತು. ಈಗ ಮರದಲ್ಲೇ ಹಳೆಯ ರೀತಿಯಲ್ಲಿ ಮತ್ತೆ ಕಟ್ಟಿದ್ದಾರೆ.

ಯಾವ ತಿಂಗಳು ಅಂತ ಕೇಳಿದಿರಿ. ತಿಂಗಳು ಬಿಡಿ, ಮನೆಯ ಗೋಡೆ ಮೇಲಿರುವ ಪಂಚಾಂಗದ ಕ್ಯಾಲೆಂಡರ್ ನೋಡಿ. ಅಲ್ಲಿಯವರ ಹಬ್ಬಗಳೂ ತಿಥಿ ಲೆಕ್ಕದಲ್ಲೇ ಬರುತ್ತವೆ, ಹಾಗಾಗಿ ನಮ್ಮ ಹಬ್ಬದ ದಿನವೇ ಅಲ್ಲಿ ಇನ್ನೇನೋ ನಡೆಯುತ್ತಿರುತ್ತೆ. ನಮ್ಮ ಗೌರಿ ಹಬ್ಬದ ದಿನ ಅಲ್ಲಿ ತೀಜ್. ನಾವು ಬಾಗಿನ ಕೊಟ್ಟು ಒಬ್ಬಟ್ಟು ತಿನ್ನುವ ಹೊತ್ತಿಗೆ ಅಲ್ಲಿನ ಹೆಂಗಸರು, ಎಷ್ಟೋ ಜನ ನೀರೂ ಮುಟ್ಟದೆ, ಕೆಂಪು ಸೀರೆ ಉಟ್ಟು ಪಶುಪತಿಯ ಮುಂದೆ ಸಾಲು ನಿಂತಿರುತ್ತಾರೆ, ಬೇಸರ ಬಂದಾಗ ಅಲ್ಲೇ ಹಾಡಿ ಕುಣಿಯುತ್ತಾರೆ. ನೋಡೋಕೆ ಎರಡು ಕಣ್ಣು ಸಾಲದು, ಆದರೆ ವಯಸ್ಸಾದವರನ್ನು ಆ ದಿನ ದರ್ಶನಕ್ಕೆ ಕರೆದೊಯ್ಯಬೇಡಿ. ಎರಡು ದಿನ ಬಿಟ್ಟು ಬೆಳಿಗ್ಗೆ ಬೇಗ ಹೋಗಿ.

ನನ್ನ ಕೇಳಿದರೆ ಅದಾದ ಮೇಲಿನ ದ್ವಾದಶಿಯ ಹೊತ್ತಿಗೆ ಅಲ್ಲಿ ಇಳಿಯುವ ಹಾಗೆ ಟಿಕೆಟ್ ಮಾಡಿಸಿ. ಅವತ್ತು ಹನುಮಾನ್ ಢೋಕಾ ಅರಮನೆ ಮುಂದೆ ಕಾಡಿನಿಂದ ತಂದ ಉದ್ದನೆಯ ಮರದ ಕಂಬ ನಿಲ್ಲಿಸುತ್ತಾರೆ, ಎಂಟು ದಿನದ ಇಂದ್ರ ಜಾತ್ರೆ ಶುರು. ಇದರ ಕಥೆ ನನಗೆ ಬಹಳ ಇಷ್ಟ. ಇಂದ್ರ ತನ್ನ ತಾಯಿಗೆ ಪಾರಿಜಾತ ಬೇಕು ಅಂತ ಕಣಿವೆಗೆ ಇಳಿದು ಹೂ ಕದ್ದನಂತೆ. ಜನ ಹಿಡಿದು ಕಟ್ಟಿ ಹಾಕಿದರು. ದೇವರಾಜ ಆದರೇನು, ಕಳ್ಳ ಕಳ್ಳನೇ! ಕೊನೆಗೆ ತಾಯಿ ಬಂದು, ಬೆಳೆಗೆ ಬೇಕಾದ ಮಂಜು ಕೊಡುತ್ತೇನೆ ಅಂತ ಮಾತು ಕೊಟ್ಟು ಮಗನನ್ನು ಬಿಡಿಸಿಕೊಂಡು ಹೋದಳು. ಕೈ ಚಾಚಿ ನಿಂತ ಇಂದ್ರನ ಮೂರ್ತಿಗಳನ್ನು ಆ ದಿನಗಳಲ್ಲಿ ಹೊರಗೆ ಇಟ್ಟಿರುತ್ತಾರೆ. ಅನಂತ ಚತುರ್ದಶಿಯ ದಿನ, ಅಂದರೆ ಇಲ್ಲಿ ಉಳಿದ ದೊಡ್ಡ ಗಣೇಶಗಳನ್ನು ನೀರಿಗೆ ಬಿಡುವ ದಿನ, ಅಲ್ಲಿ ಕುಮಾರಿಯ, ಅಂದರೆ ದೇವಿ ಅಂತ ಪೂಜಿಸುವ ಪುಟ್ಟ ಹುಡುಗಿಯ ರಥ ಹೊರಡುತ್ತೆ. ಜೊತೆಗೆ ಗಣೇಶ, ಭೈರವರ ರಥಗಳು. ಬಿಳಿ ಭೈರವನ ದೊಡ್ಡ ಮುಖ ಈ ಹಬ್ಬದಲ್ಲಿ ಮಾತ್ರ ಕಾಣಸಿಗುವುದು. ಅವನ ಬಾಯಿಂದ ನಳಿಗೆಯಲ್ಲಿ ಅಕ್ಕಿಯ ಹೆಂಡ ಹರಿಯುತ್ತೆ, ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಬಾಯೊಡ್ಡುತ್ತಾರೆ. ಅಪ್ಪನಿಗೆ ಅದು ಪ್ರಸಾದ ಅಂತ ಮೊದಲೇ ಹೇಳಿಬಿಡಿ.

ಒಂದೇ ಕೊರತೆ, ಆಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಹಿಮದ ಬೆಟ್ಟ ಕಾಣಲೇಬೇಕು ಅನ್ನುವವರು ದೀಪಾವಳಿಗೆ ಹೋಗಲಿ. ನಾವು ನರಕ ಚತುರ್ದಶಿಯ ಎಣ್ಣೆಸ್ನಾನ ಮಾಡುವ ದಿನ ಅಲ್ಲಿ ನಾಯಿಗಳಿಗೆ ಪೂಜೆ. ಬೀದಿನಾಯಿಗೂ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ನಮ್ಮ ಬೆಂಗಳೂರಿನ ಬೀದಿ ನಾಯಿಗಳು ಕೇಳಿದರೆ ಹೊಟ್ಟೆ ಉರಿದುಕೊಳ್ಳುತ್ತವೆ.

ಪ್ರಶ್ನೆ: ಪಶುಪತಿನಾಥದ ಅರ್ಚಕರು ಕನ್ನಡದವರಂತೆ, ನಿಜವಾ? ಸುಮ್ನೆ ಹೇಳ್ತಾರಾ?
(ಓದುಗರು, ವಿಜಯನಗರ)

ಉತ್ತರ: ನಿಜ. ಮೂಲಲಿಂಗವನ್ನು ಮುಟ್ಟಿ ಪೂಜೆ ಮಾಡುವ ಹಕ್ಕು ಇರುವುದು ದಕ್ಷಿಣದಿಂದ ಹೋದ ಭಟ್ಟರಿಗೆ ಮಾತ್ರ, ಅವರಲ್ಲಿ ಹೆಚ್ಚಿನವರು ಕರ್ನಾಟಕದವರು. ಮುಖ್ಯಸ್ಥರನ್ನು ಮೂಲ ಭಟ್ಟ ಅನ್ನುತ್ತಾರೆ. ಅವರಿಗೆ ನೆರವಾಗುವ ಭಂಡಾರಿಗಳು ಅಲ್ಲಿಯವರೇ. 2008ರ ಕೊನೆಯಲ್ಲಿ ಮಾವೋವಾದಿ ಸರ್ಕಾರ ಭಟ್ಟರನ್ನು ತೆಗೆದು ನೇಪಾಳಿ ಅರ್ಚಕರನ್ನು ನೇಮಿಸಿತ್ತು, ದೊಡ್ಡ ಗಲಾಟೆಯಾಗಿ 2009ರ ಜನವರಿಯಲ್ಲೇ ಹಿಂದೆ ಸರಿಯಬೇಕಾಯಿತು. ನಂಟು ಅಷ್ಟಕ್ಕೇ ಮುಗಿಯಲ್ಲ. 1097ರಲ್ಲಿ ನಾನ್ಯದೇವ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ, ಆ ವಂಶದ ಹೆಸರೇ ಕರ್ಣಾಟ. ಅವರ ರಾಜಧಾನಿ ಸಿಮ್ರೌನಗಢ ಈಗ ನೇಪಾಳದ ತರಾಯಿಯಲ್ಲಿದೆ, ಅಂದರೆ ದಕ್ಷಿಣದ ಬಯಲುಸೀಮೆಯಲ್ಲಿ. ಮಲ್ಲ ರಾಜರ ಕುಲದೇವಿ ತಲೇಜು ಬಂದದ್ದು ಅಲ್ಲಿಂದಲೇ ಅನ್ನುತ್ತಾರೆ.

ಹಾಗಂತ ಭಟ್ಟರ ಹತ್ತಿರ ಹೋಗಿ "ನಾವು ಬೆಂಗಳೂರಿನವರು, ಸ್ವಲ್ಪ ಒಳಗೆ ಬಿಡಿ" ಅನ್ನಬೇಡಿ. ನಾಲ್ಕು ದಿಕ್ಕಿಗೂ ಲಿಂಗಕ್ಕೆ ಮುಖವಿದೆ, ನಾಲ್ಕೂ ಬಾಗಿಲಿಂದ ದರ್ಶನ ಸಿಗುತ್ತೆ. ಚರ್ಮದ ಬೆಲ್ಟು, ಪರ್ಸು ಹೊರಗೆ. ಕೆಳಗೆ ಬಾಗ್ಮತಿ ದಡದಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಅಲ್ಲಿ ಮೊಬೈಲ್ ಎತ್ತಿ ಹಿಡಿದವರನ್ನು ನೋಡಿ ನನಗೆ ಸಂಕಟವಾಗಿತ್ತು. ನಮ್ಮ ಮನೆಯವರನ್ನು ಕಳಿಸುವಾಗ ಯಾರೋ ಬಂದು ವಿಡಿಯೋ ಮಾಡಿದರೆ ಸುಮ್ಮನಿರುತ್ತೇವಾ?

ಪ್ರಶ್ನೆ: ಕುಮಾರಿ ಅಂತ ಚಿಕ್ಕ ಹುಡುಗಿಯನ್ನು ದೇವಿ ಮಾಡಿ ಕೂರಿಸುತ್ತಾರಲ್ಲ, ಅದನ್ನು ಪ್ರವಾಸಿಗರು ಹೋಗಿ ನೋಡುವುದು ಸರಿಯಾ?
(ಓದುಗರು, ಮಲ್ಲೇಶ್ವರ)

ಉತ್ತರ: ಸುಲಭದ ಪ್ರಶ್ನೆ ಅಲ್ಲ. ನೇವಾರರು ಅಂದರೆ ಕಣಿವೆಯ ಮೂಲ ನಿವಾಸಿಗಳು. ಅವರ ಶಾಕ್ಯ ಕುಲದ, ಅಂದರೆ ಬೌದ್ಧರ ಮನೆಯ ಮಗು ಅದು. ಹಿಂದೂಗಳೂ ಪೂಜಿಸುತ್ತಾರೆ, ಹಿಂದೆ ರಾಜರೇ ಬಂದು ತಲೆಬಾಗುತ್ತಿದ್ದರು. ಮೈನೆರೆದಾಗ ದೇವಿತನ ಮುಗಿದು ಮನೆಗೆ ವಾಪಸ್. ಮಗುವಿನ ಓದು, ಆರೋಗ್ಯದ ಹಕ್ಕು ತಪ್ಪಿಸುವಂತಿಲ್ಲ ಅಂತ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ, ಈಗ ಮೇಷ್ಟ್ರು ಮನೆಗೇ ಬಂದು ಪಾಠ ಮಾಡುತ್ತಾರೆ. ಅಷ್ಟಾದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಕುಮಾರಿ ಮನೆಯ ಅಂಗಳದಲ್ಲಿ ಗೈಡ್ ಕೂಗಿ ಕರೆದು, ಕಿಟಕಿಯಲ್ಲಿ ಆ ಪುಟ್ಟ ಮುಖ ಕಾಣಲಿ ಅಂತ ಕತ್ತೆತ್ತಿ ನಿಲ್ಲುವುದು ನನಗೆ ಸೇರಲಿಲ್ಲ, ಬಂದುಬಿಟ್ಟೆ. ರಥದ ದಿನ ಬೇರೆ. ಅವತ್ತು ಅವಳು ಊರವರಿಗಾಗಿ ಹೊರಗೆ ಬರುತ್ತಾಳೆ, ನಾವು ಗುಂಪಿನಲ್ಲಿ ಒಬ್ಬರು. ಕರಗದ ರಾತ್ರಿ ತಿಗಳರಪೇಟೆಯ ಗಲ್ಲಿಯಲ್ಲಿ ಹೇಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತೀರೋ ಹಾಗೇ ನಿಂತುಕೊಳ್ಳಿ. ಅಲ್ಲಿ ಈ ಜಾತ್ರೆಗಳನ್ನೆಲ್ಲ ನಡೆಸುವುದು ಗುಠಿಗಳು, ಅಂದರೆ ದೇವರ ಹೆಸರಿನ ಜಮೀನು ಇಟ್ಟುಕೊಂಡು ತಲೆತಲಾಂತರದಿಂದ ಪೂಜೆ-ಊಟ ನೋಡಿಕೊಳ್ಳುವ ಕೂಟಗಳು. 2019ರಲ್ಲಿ ಸರ್ಕಾರ ಅದಕ್ಕೆ ಕೈ ಹಾಕುವ ಮಸೂದೆ ತಂದಾಗ ಸಾವಿರಾರು ಜನ ಬೀದಿಗಿಳಿದರು, ಮಸೂದೆ ವಾಪಸ್ಸಾಯಿತು.

ಪ್ರಶ್ನೆ: ವೀಸಾ, ದುಡ್ಡು, ಸಸ್ಯಾಹಾರ?
(ಓದುಗರು, ಯಲಹಂಕ)

ಉತ್ತರ: ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿಯ ಅಸಲು ಪ್ರತಿ ಬೇಕು. ಆಧಾರ್ ಒಂದನ್ನೇ ನಂಬಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ನಮ್ಮ 100 ರೂಪಾಯಿಗೆ ಅವರ 160. ನೂರರ ನೋಟುಗಳನ್ನೇ ಜಾಸ್ತಿ ಇಟ್ಟುಕೊಳ್ಳಿ. ಗಡಿಯಾರ 15 ನಿಮಿಷ ಮುಂದೆ. ವಾರದ ರಜೆ ಶನಿವಾರ.

ಮೊಮೊ ತಿನ್ನುವಾಗ ಕೇಳಿ ತಿನ್ನಿ, ಬಫ್ ಅಂದರೆ ಎಮ್ಮೆ-ಕೋಣದ ಮಾಂಸ. ದಾಲ್ ಭಾತ್ ಎಲ್ಲಾ ಕಡೆ ಸಿಗುತ್ತೆ. ನೇವಾರರ ಬಾರಾ ನಮ್ಮ ಉದ್ದಿನ ವಡೆಯ ದಾಯಾದಿ, ಕಾವಲಿ ಮೇಲೆ ಬೇಯಿಸುತ್ತಾರೆ. ಯೋಮರಿಯನ್ನು ಕಂಡರೆ ನಮ್ಮ ಸಿಹಿಗಡುಬೇ ಬಾಲ ಬೆಳೆಸಿಕೊಂಡು ಹೋಗಿದೆ ಅನಿಸುತ್ತೆ, ಒಳಗೆ ಬೆಲ್ಲವೇ. ಭಕ್ತಪುರದ ಜುಜು ಧೌ, ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಸಿಹಿ ಮೊಸರು, ಮಾತ್ರ ಬಿಡಲೇಬೇಡಿ. ಆದರೆ ಮನೆಗೆ ತರುವ ಆಸೆ ಬೇಡ. ನಾನು ಒಂದು ಕುಡಿಕೆ ಕೈಚೀಲದಲ್ಲಿ ಇಟ್ಟುಕೊಂಡು ಬಂದೆ, ತಪಾಸಣೆಯವರು ಒಳಗೆ ಬಿಡಲ್ಲ ಅಂದರು. ಅಲ್ಲೇ ಪಕ್ಕಕ್ಕೆ ಸರಿದು ನಿಂತು, ಚಮಚ ಇಲ್ಲದೆ, ಬೋರ್ಡಿಂಗ್ ಪಾಸನ್ನೇ ಮಡಚಿಕೊಂಡು ಪೂರ್ತಿ ತಿಂದು ಮುಗಿಸಿದೆ.