ಎರಡೂವರೆ ತಿಂಗಳ ಚುಚ್ಚುಮದ್ದು ತಪ್ಪಿದರೆ ಮೊದಲಿಂದ ಶುರು ಮಾಡಬೇಕಾ?

ನೆಗಡಿ ಇತ್ತು ಅಂತ ಎರಡೂವರೆ ತಿಂಗಳದ್ದು ಹಾಕಿಸಲಿಲ್ಲ, ಆಮೇಲೆ ತವರಲ್ಲೇ ಉಳಿದೆ, ಈಗ ಮಗುವಿಗೆ ಮೂರೂವರೆ ತಿಂಗಳು, ಮೊದಲು ಹಾಕಿಸಿದ್ದೂ ವ್ಯರ್ಥವಾಯಿತಾ ಅಂತ ಕೇಳಿದ್ದೀರಿ.

ವ್ಯರ್ಥ ಆಗಿಲ್ಲ. ನಾನು ಉಪಕೇಂದ್ರವೊಂದರಲ್ಲಿ ಸಿಸ್ಟರ್ ಆಗಿ 18 ವರ್ಷದಿಂದ ಲಸಿಕೆ ಹಾಕುತ್ತಿದ್ದೇನೆ. ತಡವಾದ ಮಗುವಿಗೆ ಒಂದನೇ ಡೋಸಿನಿಂದ ಮತ್ತೆ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತೇವೆ. ನಿಮಗೆ ತಪ್ಪಿದ್ದು ಒಂದೇ ಚುಚ್ಚು, ಪೆಂಟಾವೆಲೆಂಟ್ (ನಾಯಿಕೆಮ್ಮು ಸೇರಿ ಐದು ರೋಗ ತಡೆಯುವ ಲಸಿಕೆ) ಎರಡನೇ ಡೋಸು; ಜೊತೆಗೆ ಪೋಲಿಯೋ ಹನಿ, ಭೇದಿ ತಡೆಯುವ ರೋಟಾ ಹನಿ. ಈ ವಾರವೇ ಹೋದರೆ ಅದರ ಜೊತೆ ಮೂರೂವರೆ ತಿಂಗಳ ನ್ಯುಮೋನಿಯಾ ಲಸಿಕೆ, ತೋಳಿಗೆ ಹಾಕುವ ಪೋಲಿಯೋ ಚುಚ್ಚು ಎರಡೂ ಅವತ್ತೇ ಆಗುತ್ತವೆ. ಎರಡು ತೊಡೆಗೆ ಒಂದೊಂದು, ಬಲತೋಳಿಗೆ ಒಂದು. ಮಗು ಸೂರು ಹಾರಿಹೋಗುವಂತೆ ಅಳುತ್ತೆ, ಎದೆಗೆ ಹಾಕಿಕೊಂಡು ಹಾಲು ಕುಡಿಸಿ. ಪೆಂಟಾ ಮೂರನೆಯದು ಇನ್ನು 4 ವಾರ ಬಿಟ್ಟು. ಅದಕ್ಕಿಂತ ಮುಂಚೆ ಮಾತ್ರ ಬೇಡ.

ನೆಗಡಿ ವಿಷಯಕ್ಕೆ ಬಂದರೆ, ನನ್ನ ಹತ್ತಿರ ವಾಪಸ್ ಹೋದ ಮಕ್ಕಳಲ್ಲಿ ಮುಕ್ಕಾಲು ಪಾಲು ಅಜ್ಜಿಯರ ಮಾತಿಗೇ ಹೋದವು. ಮೂಗು ಸೋರುವುದು, ಸಣ್ಣ ಕೆಮ್ಮು, ಮೈ ಸ್ವಲ್ಪ ಬೆಚ್ಚಗಿರುವುದು ಯಾವುದೂ ಅಡ್ಡಿಯಲ್ಲ. ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಜ್ವರ ಜೋರಿದ್ದರೆ ಡಾಕ್ಟರಿಗೆ ತೋರಿಸಿ, ಹುಷಾರಾದ ಮೇಲೆ ಹಾಕಿಸಿ. ನಾಯಿಕೆಮ್ಮು ಹೆಚ್ಚು ಕಾಡುವುದೇ ಇಷ್ಟು ಪುಟ್ಟ ಕೂಸುಗಳನ್ನು, ಅದಕ್ಕೇ ಈ ಡೋಸುಗಳನ್ನು ಇಷ್ಟು ಬೇಗ ಇಟ್ಟಿರುವುದು.

ತವರಲ್ಲೂ ಹಾಕಿಸಬಹುದಿತ್ತು ಕಣಮ್ಮ. ತಾಯಿ ಕಾರ್ಡ್ ಹಿಡಿದು ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ಹಾಕುತ್ತಾರೆ, ದುಡ್ಡಿಲ್ಲ. ಕಾರ್ಡ್ ಗಂಡನ ಮನೆ ಬೀರುವಿನಲ್ಲಿ ಉಳಿದಿದ್ದರೆ ಫೋಟೋ ತರಿಸಿಕೊಳ್ಳಿ. ಯಾವ ತಾರೀಖಿಗೆ ಏನಾಗಿದೆ ಅಂತ ನಮಗೆ ಕಾಣಬೇಕು ಅಷ್ಟೇ.

ಮುಂದಿನದು ದಡಾರ-ರುಬೆಲ್ಲಾ, 9 ತಿಂಗಳು ತುಂಬಿದ ಮೇಲೆ. ತಾಯಿಯಿಂದ ಬಂದ ರಕ್ಷಣೆ ಮಗುವಿನ ರಕ್ತದಲ್ಲಿ ಇನ್ನೂ ಇದ್ದಾಗ ಹಾಕಿದರೆ ಆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಅದಕ್ಕೇ ಕಾಯುವುದು. ಅವತ್ತು ಬೆಳಿಗ್ಗೆಯೇ ಬನ್ನಿ. ಆ ಸೀಸೆ ಬೆರೆಸಿದರೆ 4 ಗಂಟೆಯೊಳಗೆ ಮುಗಿಸಬೇಕು, ಮಧ್ಯಾಹ್ನ ಮೂರಕ್ಕೆ ಬಂದವರಿಗೆ ನಾನು ಎಷ್ಟೋ ಸಲ ಮುಂದಿನ ಗುರುವಾರ ಅಂದಿದ್ದೇನೆ.