ಪ್ರತಿಕ್ರಿಯೆ: ಕಿಮೋ ನಡೆಯುತ್ತಿರುವ ಗೆಳತಿಗೆ ಕಳುಹಿಸುವ ಪೆಟ್ಟಿಗೆ
ಮುಂದಿನ ಪೆಟ್ಟಿಗೆಯಲ್ಲಿ ಏನಿಡಲಿ ಎಂದು ಕೇಳಿದ್ದೀರಿ. ನೀವು ಕಳುಹಿಸಿದ ಹಣ್ಣಿನ ಬುಟ್ಟಿ, ಗಂಧದ ಸೋಪು ಮತ್ತು ಉಪ್ಪಿನಕಾಯಿಯನ್ನು ನಿಮ್ಮ ಗೆಳತಿ ಮುಟ್ಟದೆ ಇಟ್ಟಿರುವುದಕ್ಕೆ ಬಹುಶಃ ಕ್ಯಾನ್ಸರ್‌ಗೆ ಕೊಡುವ ಕಿಮೋಥೆರಪಿಯೇ ಕಾರಣ. ಅದು ವಾಸನೆ, ರುಚಿಗಳನ್ನು ಏರುಪೇರು ಮಾಡುತ್ತದೆ, ಹಲವರಿಗೆ ಬಾಯಿಹುಣ್ಣನ್ನೂ ತರುತ್ತದೆ. ಸೋಂಕು ತಡೆಯುವ ಬಿಳಿ ರಕ್ತಕಣಗಳು ಕುಸಿದಿರುವಾಗ ಹೆಚ್ಚಿ ಇಟ್ಟ ಹಣ್ಣು, ತಾಜಾ ಹೂವು ಬೇಡವೆಂದು ಹಲವು ವೈದ್ಯರು ಹೇಳುತ್ತಾರೆ.

ಮೊದಲು ಅವರ ಮನೆಯವರಿಗೆ ಫೋನ್ ಮಾಡಿ, ಮುಂದಿನ ಕಿಮೋ ಯಾವಾಗ, ಪಥ್ಯವೇನು ಎಂದು ಕೇಳಿಕೊಳ್ಳಿ. ಔಷಧಿಯನ್ನು ಅವಲಂಬಿಸಿ ಇದು ಬದಲಾಗುತ್ತದೆಯಾದರೂ, ಸಾಮಾನ್ಯವಾಗಿ ಕಿಮೋ ಆದ 7ರಿಂದ 14 ದಿನಗಳ ನಡುವೆ ಸೋಂಕಿನ ಭಯ ಹೆಚ್ಚು. ಪೆಟ್ಟಿಗೆ ಅದಕ್ಕೆ ಮುಂಚೆಯೇ ತಲುಪಲಿ.

ನಂತರ ಬಾಯಿಗೆ ಬೇಕಾದುದನ್ನು ಹೊಂದಿಸಿ: ತೀರ ಮೃದುವಾದ ಬ್ರಷ್, ಸುವಾಸನೆಯಿಲ್ಲದ ಲಿಪ್ ಬಾಮ್, ಸ್ಟೀಲ್ ಚಮಚದಲ್ಲಿ ತಿಂದರೆ ಎಲ್ಲವೂ ಲೋಹದಂತೆ ರುಚಿಸುತ್ತಿದ್ದರೆ ಬಳಸಲು ಒಂದು ಪ್ಲಾಸ್ಟಿಕ್ ಚಮಚ. ಬಟ್ಟೆಗೆ ಮುಂಭಾಗದಲ್ಲಿ ಗುಂಡಿಯಿರುವ ಹತ್ತಿಯ ನೈಟಿಯೇ ಸರಿ, ಏಕೆಂದರೆ ಎದೆಯಲ್ಲಿ ಕಿಮೋ ಪೋರ್ಟ್ (ಔಷಧಿ ಕೊಡಲು ಚರ್ಮದಡಿ ಅಳವಡಿಸುವ ಸಣ್ಣ ಸಾಧನ) ಇರುವವರು ಎರಡು ಗುಂಡಿ ಬಿಚ್ಚಿದರೆ ಸಾಕು, ನರ್ಸ್ ಸೂಜಿ ಹಾಕಬಹುದು. ಟೋಪಿ ಕೊಳ್ಳುವುದಾದರೆ ಒಳಮಗ್ಗುಲಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ. ಕೂದಲು ಉದುರಿದ ನೆತ್ತಿಗೆ ಸಣ್ಣ ದಾರವೂ ಚುಚ್ಚುತ್ತದೆ.

ತಿನ್ನಲು ಘಾಟಿಲ್ಲದ ರಾಗಿ ಹುರಿಹಿಟ್ಟನ್ನು ಚಿಕ್ಕ ಪೊಟ್ಟಣಗಳಲ್ಲಿ ಕಟ್ಟಿ, ಜೊತೆಗೆ ಒಂದು ಫ್ಲಾಸ್ಕ್ ಇಡಿ. ಕಷಾಯದ ಪುಡಿ, ಅಮೃತಬಳ್ಳಿ, ಅರಿಶಿನದ ಮಾತ್ರೆಗಳನ್ನು ಎಷ್ಟೇ ಅಕ್ಕರೆಯಿದ್ದರೂ ಹಾಕಬೇಡಿ. ಅವು ಔಷಧಿಯೊಂದಿಗೆ ಸೆಣಸಬಹುದು. ನಿಮಗೆ ನೆಗಡಿಯಿದ್ದರೆ ಪೆಟ್ಟಿಗೆಯನ್ನು ಬೇರೆಯವರ ಕೈಯಲ್ಲಿ ಕಳುಹಿಸಿ.